ಮಾಳಿಗೆ ಮನೆ ಹೋಂಸ್ಟೇ ಆಗೋ ಮುನ್ನ ಮೇಲಿನ ಮಣ್ಣು ತೂಗಿ ನೋಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಬೀಗ ಬಿದ್ದ ಮಾಳಿಗೆ ಮನೆಗಳಿಗೆ ಕೊರತೆಯಿಲ್ಲ. ಮನೆಯವರು ದುಡಿಯೋಕೆ ಗೋವಾ, ಮಹಾರಾಷ್ಟ್ರ, ಬೆಂಗಳೂರು ಸೇರಿದ್ದಾರೆ. ಇವನ್ನೇ ರಿಪೇರಿ ಮಾಡಿ ಹೋಂಸ್ಟೇ ಮಾಡಿದ್ರೆ? ಗೋಳಗುಮ್ಮಟ ನೋಡಿ ಬಾಗೇವಾಡಿ, ಆಲಮಟ್ಟಿಗೆ ಹೋಗುವವರು ಒಂದು ರಾತ್ರಿ ಹಳ್ಳಿಯಲ್ಲಿ ಉಳಿದರೆ ಊರಿಗೂ ನಾಲ್ಕು ಕಾಸು. ಯೋಚನೆ ಒಳ್ಳೆಯದೇ. ಆದರೆ ಎಂಜಿನಿಯರಿಂಗ್ ಓದಿದ ನಾನು ಮೊದಲು ನೋಡೋದು ಬಾಗಿಲ ಕೆತ್ತನೆಯನ್ನಲ್ಲ, ಮಾಳಿಗೆಯನ್ನು.

ಮಾಳಿಗೆಯ ಲೆಕ್ಕ

ತೊಲೆ, ಜಂತಿ, ಅದರ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಆಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಅದರಲ್ಲಿ ಸೋಡಿಯಂ ಇರೋದರಿಂದ ನೆಂದಾಗ ಜೇಡಿ ಕಣಗಳು ಬಿಡಿಬಿಡಿಯಾಗಿ ಸಂದು ಮುಚ್ಚುತ್ತವೆ, ನೀರು ಇಳಿಯಲ್ಲ. ಈ ಮಣ್ಣು, ದಪ್ಪ ಗೋಡೆಗಳಿಂದಲೇ ಏಪ್ರಿಲ್ ಮಧ್ಯಾಹ್ನವೂ ಒಳಗೆ ತಂಪು.

ಆದರೆ ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕೆ.ಜಿ. ತೂಗುತ್ತೆ. ಅಂದರೆ 10x12 ಅಡಿ ಕೋಣೆಯ ಮೇಲೆ 5 ಟನ್‌ಗೂ ಹೆಚ್ಚು. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಹಳೇದನ್ನು ಹಾಗೇ ಬಿಟ್ಟರೆ ಭಾರ ಏರುತ್ತಲೇ ಹೋಗುತ್ತೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವಾದಾಗ, ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಇಂಥವೇ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಸತ್ತವರು 7 ಸಾವಿರಕ್ಕೂ ಹೆಚ್ಚು. ಸೂರು ಭಾರವಾಗಿತ್ತು, ಗೋಡೆಯ ಒಳಮೈ ಹೊರಮೈಗಳನ್ನು ಬೆಸೆಯೋ ಉದ್ದ ಕಲ್ಲುಗಳು ಇರಲಿಲ್ಲ. ದುಡ್ಡು ಕೊಟ್ಟು ಮಲಗೋ ಅತಿಥಿಗೆ ಈ ಅಪಾಯ ಕೊಡುವಂತಿಲ್ಲ.

ರಿಪೇರಿ ಯಾವ ಕ್ರಮದಲ್ಲಿ?

ಮೊದಲು ಹಳೆ ಮಣ್ಣು ಇಳಿಸಿ, ತೊಲೆಗೆ ಗೆದ್ದಲು ಹಿಡಿದಿದೆಯಾ ನೋಡಿ, ತೆಳುವಾಗಿ ಮತ್ತೆ ಹಾಕಬೇಕು. ಗೋಡೆಗೆ ಅಲ್ಲಲ್ಲಿ ಬೆಸುಗೆ ಕಲ್ಲು, ಸೂರಿನ ಮಟ್ಟದಲ್ಲಿ ಸುತ್ತುಪಟ್ಟಿ ಬೇಕು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಶೌಚಾಲಯ ಹಿತ್ತಲಲ್ಲಿರಲಿ, ನೀರಿನ ಪೈಪ್ ಗೋಡೆಯೊಳಗೆ ಬೇಡ. ಬಣ್ಣ, ಮಂಚ, ವೈಫೈ ಎಲ್ಲ ಆಮೇಲೆ.

ಹಳೆ ಮನೆಯನ್ನು ಉಳಿಸಿಕೊಂಡೇ ಅತಿಥಿಗಳನ್ನು ಇಳಿಸಬಹುದು ಅನ್ನೋದನ್ನು ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ತೋರಿಸಿದೆ. ಇಲ್ಲೂ ಆಗುತ್ತೆ, ಆದರೆ ಒಂದು ಮಾತು. ಹೋಂಸ್ಟೇ ಅಂದರೆ ಮನೆಯವರೂ ಅಲ್ಲೇ ಇರಬೇಕು. ಮಾಳಿಗೆ ಕೇಳೋದೂ ಅದನ್ನೇ: ಹುಲ್ಲು ಕೀಳೋಕೆ, ಸೋರಿದ ಕಡೆ ಸವಳು ಹಾಕೋಕೆ ಪ್ರತಿ ಮಳೆಗೂ ಒಬ್ಬರು ಬೇಕು. ಹಾಗಾಗಿ ಸಾಲ ತೆಗೆಯೋ ಮುಂಚೆ ಮನೆಯಲ್ಲಿ ಕೂತು ತೀರ್ಮಾನಿಸಬೇಕಾದದ್ದು ಒಂದೇ: ಊರಿಗೆ ವಾಪಸ್ ಬಂದು ಇರೋರು ಯಾರು?