ಅನ್ಯಲೋಕದ ರೇಡಿಯೋ ಸಂಕೇತಗಳು: ಪ್ರಮಾಣವಿಚಾರದ ಒಂದು ಇತಿಹಾಸ

ಭೂಮಿಯ ಆಚೆ ಬುದ್ಧಿಶಾಲಿ ಜೀವಿಗಳಿರಬಹುದೆ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಆದರೆ ಅದನ್ನು ಕೇವಲ ತರ್ಕಕ್ಕೆ ಬಿಡದೆ ಉಪಕರಣಗಳ ಮೂಲಕ ಪರೀಕ್ಷಿಸಲು ಮನುಷ್ಯನು ತೊಡಗಿದುದು ರೇಡಿಯೋ ತರಂಗಗಳು ಅವನ ಕೈವಶವಾದ ಮೇಲೆಯೇ. ಅಂದಿನಿಂದ ಇಂದಿನವರೆಗಿನ ಸುಮಾರು ಒಂದೂಕಾಲು ಶತಮಾನದಲ್ಲಿ 'ಸಂಕೇತ ಬಂದಿತು' ಎಂಬ ವಾರ್ತೆ ಹಲವು ಸಲ ಹಬ್ಬಿದೆ. ಅವುಗಳಲ್ಲಿ ಒಂದಾದರೂ ಪ್ರಮಾಣವಾಗಿ ನಿಂತಿಲ್ಲ. ಆದುದರಿಂದ ಇದು ಬರಿಯ ವಿಫಲಪ್ರಯತ್ನಗಳ ಇತಿಹಾಸವೆಂದು ತೋರಬಹುದು. ನಮ್ಮ ಅಭಿಪ್ರಾಯ ಬೇರೆಯಾಗಿದೆ. ಹುಸಿಯಾದ ಒಂದೊಂದು ಸಂಕೇತವೂ ಮುಂದಿನವರಿಗೆ ಒಂದೊಂದು ಪರೀಕ್ಷೆಯನ್ನು ಕಲಿಸಿಕೊಟ್ಟಿದೆ. ಈ ಪರೀಕ್ಷೆಗಳು ಯಾವ ಸಂದರ್ಭದಲ್ಲಿ, ಯಾವ ಕಾರಣದಿಂದ ಹುಟ್ಟಿದುವೆಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

1899ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬಲ್ಲಿ ಪ್ರಯೋಗ ನಡೆಸುತ್ತಿದ್ದ ನಿಕೋಲಾ ಟೆಸ್ಲಾ ಅವರಿಗೆ ತಮ್ಮ ಗ್ರಾಹಕದಲ್ಲಿ ಎಣಿಕೆಯ ಕ್ರಮವಿದ್ದಂತಹ ಸ್ಪಂದನಗಳು ಕಂಡುಬಂದುವು. ಅವು ಬೇರೊಂದು ಗ್ರಹದಿಂದ ಬಂದಿರಬೇಕೆಂದು ಅವರು 1901ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದರು. ಮೊದಲನೆಯ ಮಹಾಯುದ್ಧದ ತರುವಾಯ ಮಾರ್ಕೋನಿ ಅವರೂ ಮೂಲ ತಿಳಿಯದ ಕೆಲವು ಸಂಕೇತಗಳ ವಿಷಯದಲ್ಲಿ ಇಂಥದೇ ಸಂಭವವನ್ನು ಸೂಚಿಸಿದರು. 1924ರ ಆಗಸ್ಟ್ ತಿಂಗಳಲ್ಲಿ ಮಂಗಳ ಗ್ರಹವು ಭೂಮಿಗೆ ಸುಮಾರು 5.6 ಕೋಟಿ ಕಿಲೋಮೀಟರಿನಷ್ಟು ಸಮೀಪಕ್ಕೆ ಬಂದಾಗ, ಖಗೋಳಜ್ಞ ಡೇವಿಡ್ ಟಾಡ್ ಅವರ ಪ್ರೇರಣೆಯಿಂದ ಅಮೆರಿಕದ ನೌಕಾಪಡೆ ತನ್ನ ರೇಡಿಯೋ ಕೇಂದ್ರಗಳಿಗೆ ಪ್ರಸಾರವನ್ನು ಆದಷ್ಟು ಕಡಿಮೆಮಾಡಿ ಕಿವಿಗೊಡುವಂತೆ ಆದೇಶವಿತ್ತಿತು. ಫಲವೇನೂ ದೊರೆಯಲಿಲ್ಲ.

ಈ ಮೂರು ಪ್ರಸಂಗಗಳಲ್ಲಿಯೂ ಒಂದೇ ದೋಷವನ್ನು ಕಾಣಬಹುದು. ಸ್ಪಂದನಗಳಲ್ಲಿ ಕ್ರಮವಿದ್ದರೆ ಅದು ಬುದ್ಧಿಯ ಗುರುತೆಂದು ಭಾವಿಸಲಾಯಿತೇ ಹೊರತು, ಅವು ಯಾವ ದಿಕ್ಕಿನಿಂದ ಬಂದುವೆಂಬುದನ್ನು ನಿರ್ಣಯಿಸುವ ಸಾಧನವಿರಲಿಲ್ಲ. ಅಲ್ಲದೆ ಆ ಕಾಲದಲ್ಲಿ ಬಳಕೆಯಲ್ಲಿದ್ದ ದೀರ್ಘ ತರಂಗಗಳನ್ನು ವಾಯುಮಂಡಲದ ಮೇಲಿನ ವಿದ್ಯುತ್ಪದರವು ತಡೆದು ಹಿಂದಿರುಗಿಸುತ್ತದೆ. ಅಂತಹ ಪದರವಿರುವುದನ್ನು ಆಪಲ್‌ಟನ್ ಅವರು ಪ್ರಯೋಗದಿಂದ ಸ್ಥಾಪಿಸಿದುದು ಅದೇ 1924ರ ಕೊನೆಯಲ್ಲಿ.

ಮೊದಲ ಖಚಿತ ಪರೀಕ್ಷೆ ಈ ಶೋಧಕ್ಕೆ ಸಂಬಂಧವಿಲ್ಲದ ಕೆಲಸವೊಂದರಿಂದ ಬಂದಿತು. ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ಕಾರ್ಲ್ ಜಾನ್‌ಸ್ಕಿ ಎಂಬ ತರುಣ ಎಂಜಿನಿಯರು ದೂರವಾಣಿಗೆ ಅಡ್ಡಬರುವ ಸದ್ದುಗಳ ಮೂಲವನ್ನು ಹುಡುಕುತ್ತಿದ್ದರು. ಒಂದು ಮಂದವಾದ ಸದ್ದು ದಿನಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಅದು ಸೂರ್ಯನಿಂದ ಬರುತ್ತಿರಬಹುದೆಂದು ಅವರು ಮೊದಲು ಊಹಿಸಿದರು. ಆದರೆ ತಿಂಗಳುಗಟ್ಟಲೆಯ ದಾಖಲೆಗಳನ್ನು ಹೋಲಿಸಿದಾಗ ಅದರ ಅವಧಿ 24 ಗಂಟೆಗಳಲ್ಲ, 23 ಗಂಟೆ 56 ನಿಮಿಷಗಳೆಂದು ತಿಳಿದುಬಂದಿತು. ಇದು ಸೌರದಿನವಲ್ಲ, ನಾಕ್ಷತ್ರದಿನ. ಮನುಷ್ಯನ ವ್ಯವಹಾರಗಳೆಲ್ಲ ಸೂರ್ಯನನ್ನು ಅನುಸರಿಸುತ್ತವೆ. ನಕ್ಷತ್ರಗಳಾದರೋ ದಿನದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಉದಯಿಸುತ್ತವೆ. ಆದುದರಿಂದ ಆ ಸದ್ದಿನ ಮೂಲ ಧನು ರಾಶಿಯ ಕಡೆಗೆ, ಸೌರಮಂಡಲದ ಆಚೆ ಇರುವುದೆಂದು 1933ರಲ್ಲಿ ಅವರು ಪ್ರಕಟಿಸಿದರು. ರೇಡಿಯೋ ಖಗೋಳಶಾಸ್ತ್ರಕ್ಕೆ ಇದೇ ನಾಂದಿ. ಈ ನಾಲ್ಕು ನಿಮಿಷಗಳ ವ್ಯತ್ಯಾಸವು ಸಂಕೇತಗಳನ್ನು ಪರೀಕ್ಷಿಸುವವರಿಗೆ ಮುಂದೆ ಒಂದು ಒರೆಗಲ್ಲಾಯಿತು.

1951ರಲ್ಲಿ ಯೂಯೆನ್ ಮತ್ತು ಪರ್ಸೆಲ್ ಅವರು ಅಂತರಿಕ್ಷದ ಜಲಜನಕವು ಸೂಸುವ 21 ಸೆಂಟಿಮೀಟರ್ ತರಂಗವನ್ನು ಪತ್ತೆಮಾಡಿದರು. ಜಲಜನಕವು ವಿಶ್ವದಲ್ಲೆಲ್ಲ ವ್ಯಾಪಿಸಿರುವುದರಿಂದ, ಸಂಕೇತ ಕಳುಹಿಸಬಯಸುವ ಯಾವ ಜನಾಂಗವೂ ಈ ತರಂಗವನ್ನೇ, ಎಂದರೆ 1420 ಮೆಗಾಹರ್ಟ್ಸ್ ಆವರ್ತಾಂಕವನ್ನೇ, ಆರಿಸಿಕೊಂಡೀತೆಂದು ಕೊಕೊನಿ ಮತ್ತು ಮಾರಿಸನ್ ಅವರು 1959ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ವಾದಿಸಿದರು. ಎಲ್ಲಿ ಕಿವಿಗೊಡಬೇಕೆಂಬುದಕ್ಕೆ ಹೀಗೆ ಒಂದು ಆಧಾರ ದೊರೆಯಿತು.

ಅದೇ ಆವರ್ತಾಂಕವನ್ನು ಸ್ವತಂತ್ರವಾಗಿ ಆರಿಸಿಕೊಂಡಿದ್ದ ಫ್ರಾಂಕ್ ಡ್ರೇಕ್ ಅವರು 1960ರ ಏಪ್ರಿಲ್ 8ರಂದು ಗ್ರೀನ್ ಬ್ಯಾಂಕಿನ 85 ಅಡಿ ವ್ಯಾಸದ ದೂರದರ್ಶಕವನ್ನು ಟಾವ್ ಸೀಟೈ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳತ್ತ ತಿರುಗಿಸಿದರು. ಎರಡನೆಯದರ ಕಡೆಗೆ ತಿರುಗಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಪ್ರಬಲವಾದ ಸ್ಪಂದನಗಳು ಕೇಳಿಬಂದುವು. ಡ್ರೇಕ್ ಅವರು ಆತುರಪಡಲಿಲ್ಲ. ಎಲ್ಲ ದಿಕ್ಕುಗಳಿಂದಲೂ ಸಂಕೇತಗಳನ್ನು ಸ್ವೀಕರಿಸಬಲ್ಲ ಒಂದು ಚಿಕ್ಕ ಗ್ರಾಹಕವನ್ನು ಜೊತೆಯಲ್ಲಿ ಅಳವಡಿಸಿದರು. ಕೆಲವು ದಿನಗಳ ಮೇಲೆ ಸ್ಪಂದನಗಳು ಮರಳಿ ಬಂದಾಗ ಅವು ಆ ಚಿಕ್ಕ ಗ್ರಾಹಕದಲ್ಲಿಯೂ ಕೇಳಿಸಿದುವು. ನಕ್ಷತ್ರದಿಂದ ಬಂದ ಕ್ಷೀಣ ತರಂಗವಾಗಿದ್ದರೆ ಅದು ಅಷ್ಟು ಚಿಕ್ಕ ಸಾಧನಕ್ಕೆ ಸಿಕ್ಕುತ್ತಿರಲಿಲ್ಲ. ಸಂಕೇತ ನಮ್ಮ ಲೋಕದ್ದೇ ಎಂಬುದು ಸ್ಪಷ್ಟವಾಯಿತು. ಹೀಗೆ ಎರಡು ಸಾಧನಗಳ ಸಾಕ್ಷ್ಯವನ್ನು ಹೋಲಿಸುವ ಪದ್ಧತಿ ಈ ಶೋಧದ ಮೊದಲ ದಿನಗಳಲ್ಲಿಯೇ ಬಳಕೆಗೆ ಬಂದಿತು.

1967ರ ಕೇಂಬ್ರಿಡ್ಜಿನ ಪ್ರಸಂಗ ಇವೆಲ್ಲಕ್ಕಿಂತ ಹೆಚ್ಚು ಬೋಧಪ್ರದವಾದುದು. ಆಂಟನಿ ಹ್ಯೂಯಿಷ್ ಅವರ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅವರು ದಿನವೊಂದಕ್ಕೆ ಸುಮಾರು ನೂರು ಅಡಿಯಷ್ಟು ದಾಖಲೆ ಕಾಗದವನ್ನು ಕಣ್ಣಿನಿಂದಲೇ ಪರಿಶೀಲಿಸುತ್ತಿದ್ದರು. ಅದರಲ್ಲಿ ಅರ್ಧ ಸೆಂಟಿಮೀಟರಿನಷ್ಟು ಜಾಗದ ಒಂದು ವಿಚಿತ್ರ ಗೀಚು ಮತ್ತೆ ಮತ್ತೆ ಕಾಣಿಸಿತು. ನವೆಂಬರ್ 28ರಂದು ವೇಗದ ದಾಖಲೆ ಮಾಡಿದಾಗ ಅದು ಸುಮಾರು 1.337 ಸೆಕೆಂಡುಗಳಿಗೊಮ್ಮೆ ತಪ್ಪದೆ ಬರುವ ಸ್ಪಂದನವೆಂದು ತಿಳಿಯಿತು. ಇಷ್ಟು ಕ್ರಮಬದ್ಧವಾದ ಸಂಕೇತ ಮನುಷ್ಯನಿರ್ಮಿತವೆಂಬ ಶಂಕೆ ಸಹಜವಾಗಿತ್ತು. ಆದರೆ ಅದು ನಾಕ್ಷತ್ರಕಾಲವನ್ನು ಅನುಸರಿಸುತ್ತಿತ್ತು. ಖಗೋಳಜ್ಞರ ಕಾರ್ಯಕ್ರಮಗಳೂ ಅದೇ ಕಾಲವನ್ನು ಅನುಸರಿಸುವುದರಿಂದ, ಇತರ ವೀಕ್ಷಣಾಲಯಗಳನ್ನೂ ವಿಚಾರಿಸಿ ನೋಡಿದರು. ಮತ್ತೊಂದು ದೂರದರ್ಶಕದಲ್ಲಿಯೂ ಸಂಕೇತ ದೊರೆಯಿತು. ಬೇರೆ ಬೇರೆ ಆವರ್ತಾಂಕಗಳಲ್ಲಿ ಸ್ಪಂದನವು ಬರುವ ಕಾಲದ ವ್ಯತ್ಯಾಸದಿಂದ, ಅದರ ಮೂಲ ಸೌರಮಂಡಲದ ಆಚೆ ಬಹುದೂರದಲ್ಲಿದೆಯೆಂದು ಗೊತ್ತಾಯಿತು.

'ಪುಟ್ಟ ಹಸಿರು ಮನುಷ್ಯರು' ಎಂದು ಅರ್ಧ ವಿನೋದವಾಗಿ ಹೆಸರಿಟ್ಟಿದ್ದರೂ ಆ ಊಹೆಯನ್ನು ಅವರು ಗಂಭೀರವಾಗಿಯೇ ಪರೀಕ್ಷಿಸಿದರು. ಕಳುಹಿಸುವವರು ಒಂದು ಗ್ರಹದ ನಿವಾಸಿಗಳಾದರೆ ಆ ಗ್ರಹ ತನ್ನ ಸೂರ್ಯನನ್ನು ಸುತ್ತುವಾಗ ಸ್ಪಂದನಗಳ ಅಂತರ ಕ್ರಮವಾಗಿ ಹೆಚ್ಚು ಕಡಿಮೆಯಾಗಬೇಕು. ಹ್ಯೂಯಿಷ್ ಅವರು ಅಳೆದು ನೋಡಿದಾಗ ಕಂಡುದು ನಮ್ಮ ಭೂಮಿಯ ಚಲನೆಯ ಪ್ರಭಾವ ಮಾತ್ರ. ಡಿಸೆಂಬರ್ ಕೊನೆಗೆ ಬೆಲ್ ಅವರು ಆಕಾಶದ ಬೇರೊಂದು ಭಾಗದಲ್ಲಿ ಇಂಥದೇ ಎರಡನೆಯ ಮೂಲವನ್ನು ಕಂಡರು. ಎರಡು ಜನಾಂಗಗಳು ಒಂದೇ ರೀತಿಯಲ್ಲಿ ಒಂದೇ ಸಮಯಕ್ಕೆ ನಮ್ಮನ್ನು ಕರೆಯುವುದು ಅಸಂಭವ. 1968ರ ಫೆಬ್ರವರಿಯಲ್ಲಿ ಪ್ರಕಟವಾದ ಈ ಶೋಧ ಪಲ್ಸಾರ್ ಎಂಬ ಹೊಸ ನಕ್ಷತ್ರವರ್ಗವನ್ನು ಲೋಕಕ್ಕೆ ಪರಿಚಯಿಸಿತು. ಇವು ತಿರುಗುವ ನ್ಯೂಟ್ರಾನ್ ನಕ್ಷತ್ರಗಳೆಂಬ ವಾದಕ್ಕೆ 1969ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ ಬಲ ತಂದವರಲ್ಲಿ, ಮುಂದೆ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ನಿರ್ದೇಶಕರಾದ ವಿ. ರಾಧಾಕೃಷ್ಣನ್ ಅವರೂ ಒಬ್ಬರೆಂಬುದು ಸ್ಮರಣೀಯ. ಕ್ರಮಬದ್ಧತೆಯೊಂದೇ ಬುದ್ಧಿಯ ಲಕ್ಷಣವೆಂಬ ಟೆಸ್ಲಾ ಕಾಲದ ನಂಬಿಕೆ ಇಲ್ಲಿಗೆ ಕೊನೆಗಂಡಿತು.

1977ರ ಆಗಸ್ಟ್ 15ರಂದು ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ದೂರದರ್ಶಕಕ್ಕೆ ಜಲಜನಕದ ಆವರ್ತಾಂಕದ ಸಮೀಪದಲ್ಲಿ 72 ಸೆಕೆಂಡುಗಳ ಪ್ರಬಲ ಸಂಕೇತವೊಂದು ದೊರೆಯಿತು. ಆಕಾಶದ ಒಂದು ಬಿಂದು ಆ ದೂರದರ್ಶಕದ ನೋಟವನ್ನು ಹಾದುಹೋಗಲು ಬೇಕಾದುದೂ ಅಷ್ಟೇ ಕಾಲ. ಜೆರ್ರಿ ಎಮನ್ ಅವರು ಅಚ್ಚಾದ ಹಾಳೆಯ ಅಂಚಿನಲ್ಲಿ 'ವಾವ್' ಎಂದು ಬರೆದುದರಿಂದ ಅದಕ್ಕೆ ಅದೇ ಹೆಸರಾಯಿತು. ಆದರೆ ಉಪಕರಣದ ಎರಡು ಗ್ರಾಹಕಗಳಲ್ಲಿ ಒಂದರಲ್ಲಿ ಮಾತ್ರ ಅದು ಕಂಡಿತು. ಎಷ್ಟು ಹುಡುಕಿದರೂ ಮರಳಿ ದೊರೆಯಲಿಲ್ಲ. ಅದು ಹುಸಿಯೆಂದು ಸಿದ್ಧವಾಗಿಲ್ಲ, ದಿಟವೆಂದೂ ಸಿದ್ಧವಾಗಿಲ್ಲ. ಪುನರಾವರ್ತನೆಯಿಲ್ಲದ ಸಾಕ್ಷ್ಯವನ್ನು ಹಾಗೆಯೇ ಅನಿರ್ಣೀತವಾಗಿ ಇಟ್ಟುಕೊಳ್ಳಬೇಕೆಂಬ ಸಂಯಮವನ್ನು ಈ ಪ್ರಸಂಗ ಕಲಿಸಿತು. 1989ರಲ್ಲಿ ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿ ಅಂಗೀಕರಿಸಿದ ನಿಯಮಾವಳಿಯು, ಬಹಿರಂಗ ಘೋಷಣೆಗೆ ಮೊದಲು ಇತರ ಶೋಧಕರಿಂದ ಸ್ವತಂತ್ರ ಪರೀಕ್ಷೆ ನಡೆಯಬೇಕೆಂದು ವಿಧಿಸಿತು.

ಈ ಶಿಸ್ತಿನ ಫಲವನ್ನು ಈಚಿನ ಉದಾಹರಣೆಯೊಂದರಲ್ಲಿ ನೋಡಬಹುದು. 2019ರಲ್ಲಿ ಪಾರ್ಕ್ಸ್ ದೂರದರ್ಶಕವು ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯನ್ನು ನೋಡುತ್ತಿದ್ದಾಗ 982 ಮೆಗಾಹರ್ಟ್ಸ್ ಬಳಿ ಒಂದು ಸಂಕೇತ ಕಂಡಿತು. ದೂರದರ್ಶಕವನ್ನು ನಕ್ಷತ್ರದಿಂದ ಆಚೆಗೆ ತಿರುಗಿಸಿದಾಗ ಅದು ಮರೆಯಾಗುತ್ತಿದ್ದುದರಿಂದ ದಿಕ್ಕಿನ ಪರೀಕ್ಷೆಯಲ್ಲಿ ಗೆದ್ದಂತಾಯಿತು. ಶೋಧಕರು ಅಷ್ಟಕ್ಕೆ ತೃಪ್ತರಾಗದೆ ದಾಖಲೆಗಳನ್ನೆಲ್ಲ ಮತ್ತೆ ಶೋಧಿಸಿದರು. ಬೇರೆ ಆವರ್ತಾಂಕಗಳಲ್ಲಿಯೂ ಅದೇ ರೂಪದ ಸಂಕೇತಗಳು ಸಿಕ್ಕಿದುವು. ಅವುಗಳಲ್ಲಿ ಕೆಲವು ನಕ್ಷತ್ರದತ್ತ ನೋಡದಿದ್ದಾಗಲೂ ಬಂದಿದ್ದುವು. ಅದು ಮನುಷ್ಯರ ಉಪಕರಣಗಳಿಂದ ಹುಟ್ಟಿದುದೆಂದು 2021ರಲ್ಲಿ ಪ್ರಕಟಿಸಿದವರು ಆ ಶೋಧಕರೇ.

ಇತಿಹಾಸದ ಅಭ್ಯಾಸಿಗಳಿಗೆ ಈ ಕ್ರಮ ಅಪರಿಚಿತವಲ್ಲ. ತಾಮ್ರಪಟವೊಂದು ದೊರೆತಾಗ ಅದರ ಲಿಪಿ, ಭಾಷೆ, ತಿಥಿ, ವಂಶಾವಳಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ಶಾಸನಜ್ಞನು ಅದನ್ನು ಒಪ್ಪುವುದಿಲ್ಲ. ಕೂಟಶಾಸನಗಳು ಇದ್ದುದರಿಂದಲೇ ಆ ಪರೀಕ್ಷೆಗಳು ಹರಿತವಾದುವು. ಅನ್ಯಲೋಕದ ಸಂಕೇತಗಳ ವಿಷಯವೂ ಹೀಗೆಯೇ ಇದೆ. ದಿಕ್ಕು, ನಾಕ್ಷತ್ರಕಾಲ, ಎರಡನೆಯ ಸಾಧನ, ಪುನರಾವರ್ತನೆ, ಸ್ವತಂತ್ರ ಸಾಕ್ಷ್ಯ ಎಂಬ ಈ ಐದು ಪರೀಕ್ಷೆಗಳಲ್ಲಿ ಯಾವುದನ್ನೂ ಯಾರೂ ಮೊದಲೇ ಯೋಚಿಸಿ ಒಮ್ಮೆಗೇ ರಚಿಸಲಿಲ್ಲ. ಆಸೆ ಮತ್ತು ಸಂಶಯಗಳ ತಿಕ್ಕಾಟದಲ್ಲಿ ಅವು ಒಂದೊಂದಾಗಿ ರೂಪುಗೊಂಡುವು. ಮುಂದೆ ಎಂದಾದರೂ ನಿಜವಾದ ಸಂಕೇತ ಬಂದರೆ ಅದನ್ನು ನಿಜವೆಂದು ಹೇಳಲು ನಮಗೆ ಅಧಿಕಾರ ದೊರೆಯುವುದು, ಹುಸಿಯಾದುವನ್ನು ಹುಸಿಯೆಂದು ಒಪ್ಪಿಕೊಂಡ ಈ ಪರಂಪರೆಯಿಂದಲೇ ಎಂದು ನಾವು ಭಾವಿಸುತ್ತೇವೆ.