ಕಾಸು ಹಾಕ್ದಿದ್ರೂ ಓಡ್ತಿದ್ದ ಕಾರು

ನಮ್ ಮಧುಗಿರಿ, ಕೊರಟಗೆರೆ ಕಡೆ ಹೆಂಗಸ್ರಿಗೆ ವಿಡಿಯೋ ಗೇಮ್ ಅಂದ್ರೆ ಮೊದ್ಲು ನೆನಪಿಗೆ ಬರೋದು ಆಟ ಅಲ್ಲ, ಸಾಸ್ವೆ ಡಬ್ಬಿಯಾಗಿಂದ ಕಾಣೆಯಾದ ಚಿಲ್ಲರೆ. 1990ರಿಂದೀಚಿನ ಮಾತು ಕಣಕ್ಕ. ಬಸ್ ಸ್ಟ್ಯಾಂಡ್ ಹಿಂದ್ಗಡೆ ಒಂದು ಸಣ್ಣ ಅಂಗಡಿ, ಬಾಗ್ಲಿಗೆ ಪರದೆ, ಒಳಗೆ ಎಲ್ಡು ಟಿವಿ, ಬೆಂಚಿನ ಮ್ಯಾಲೆ ಗಂಡುಡುಗ್ರ ಸಾಲು. ಅರ್ಧ ಗಂಟೆಗೆ ಇಷ್ಟು ಅಂತ ದುಡ್ಡು. ಹೆಣ್ಣುಡುಗ್ರು ಒಳಕ್ಕೆ ಹೋಗೋ ಹಂಗಿರ್ಲಿಲ್ಲ. ಹೋಗ್ಬ್ಯಾಡ ಅಂತ ಯಾರೂ ಬೋರ್ಡ್ ಹಾಕಿರ್ಲಿಲ್ಲ, ಆದ್ರೂ ಯಾರೂ ಹೋಗ್ತಿರ್ಲಿಲ್ಲ. ಟ್ಯೂಷನ್ನಿಂದ ಬರೋವಾಗ ಪರದೆ ಗಾಳಿಗೆ ಎದ್ದಾಗ ಎಷ್ಟು ಕಾಣ್ತಿತ್ತೋ ಅಷ್ಟೇ ನಮ್ ಪಾಲಿಂದು.

ಆ ಅಂಗಡ್ಯಾಗೆ ಇದ್ದ ಪೆಟ್ಟಿಗೆ ಜಪಾನಿನ ನಿಂಟೆಂಡೋದೋರು 1983ರಾಗೆ ತಂದ ಫ್ಯಾಮಿಕಾಮ್ ಅನ್ನೋದ್ರ ನಕಲು. ಸಮುರಾಯ್, ಲಿಟಲ್ ಮಾಸ್ಟರ್, ಮೀಡಿಯಾ ಅಂತ ನಾನಾ ಹೆಸ್ರಾಗೆ ನಮ್ ದೇಶದಾಗೆ ಮಾರಾಟ ಆಗ್ತಿದ್ವು. ಹಳದಿ ಬಣ್ಣದ ಕ್ಯಾಸೆಟ್ ಮ್ಯಾಲೆ ಸಾವಿರಾರು ಆಟ ಅಂತ ಬರ್ದಿರೋದು, ಒಳಗೆ ನೋಡಿದ್ರೆ ಅವೇ ಹತ್ತಿಪ್ಪತ್ತು ಆಟ ತಿರುಗಾ ಮುರುಗಾ. ಅದ್ರಾಗೆ ತಪ್ದೇ ಇರ್ತಿದ್ದ ಕಾರಿನ ಆಟ ರೋಡ್ ಫೈಟರ್. ಮ್ಯಾಲಿಂದ ನೋಡ್ದಂಗೆ ರಸ್ತೆ, ಕೆಂಪು ಕಾರು, ಪಕ್ಕದಾಗೆ ಪೆಟ್ರೋಲ್ ಲೆಕ್ಕ ಇಳೀತಾನೇ ಇರೋದು. ಬ್ಯಾರೆ ಕಾರಿಗೆ ತಗುಲಿ ಜಾರಿದ್ರೆ ತಕ್ಷಣ ಸರಿಯಾಗಿ ತಿರುಗಿಸ್ಬೇಕು, ಆಗ್ಲೇ ಸರಿಹೋಗೋದು.

ಇದು ನಮಗೆ ಎಂಗೆ ಗೊತ್ತು ಅಂತೀರಾ? ಆ ಅಂಗಡಿಯೋನೇ ಪೆಟ್ಟಿಗೇನ ಒಂದು ರಾತ್ರಿಗೆ ಬಾಡಿಗೆಗೂ ಕೊಡ್ತಿದ್ದ. ರಜಾ ಬಂದ್ರೆ ಅಣ್ಣಂದಿರು ದುಡ್ಡು ಕೂಡಿಸಿ ಮನೆಗೆ ತರೋರು. ಅವ್ರು ನಿದ್ದೆ ತಡೀದೇ ಬಿದ್ಕಂಡ ಮ್ಯಾಲೆ ನಮ್ ಚಿಕ್ಕಮ್ಮ, ಮುಸುರೆ ತೊಳ್ದು ಕೈ ಒರೆಸ್ಕಂಡು ಬಂದು ಕೂತ್ರೆ, ಒಂದೂ ಕಾರಿಗೆ ಮುಟ್ಟಿಸ್ದಂಗೆ ಓಡ್ಸೋರು. ಬಸ್ಸಿನಾಗೆ ಡ್ರೈವರ್ ಹಿಂದಿನ ಸೀಟಿನಾಗೆ ಕೂತು ರಸ್ತೆ ನೋಡಿದ್ದೇ ಅವ್ರ ಡ್ರೈವಿಂಗ್ ಸ್ಕೂಲು. ಅಂಗೆ ಎಲ್ಲೂ ಬೀಳ್ದೇ ಓಡ್ಸಿದ್ರೆ ಒಬ್ಬ ಮನುಷ್ಯ ರಸ್ತೆ ಪಕ್ಕದಾಗೆ ಹಾರಿ ಹೋಗ್ತಾನೆ, ಅಂಕ ಸಿಕ್ತದೆ. ಹುಡುಗ್ರೆಲ್ಲ ಅವನ್ನ ಸೂಪರ್‌ಮ್ಯಾನ್ ಅಂತಿದ್ರು. ಅವನು ಸೂಪರ್‌ಮ್ಯಾನ್ ಅಲ್ಲ, ಆಟ ಮಾಡ್ದ ಕೊನಾಮಿ ಕಂಪ್ನಿಯೋರು ಬಚ್ಚಿಟ್ಟಿದ್ದ ಕೊನಾಮಿ ಮ್ಯಾನ್. ಅಂಗ್ಡಿ ಹುಡುಗ್ರು ಅವನ್ನ ಅಪ್ರೂಪಕ್ಕೆ ಕಂಡಿದ್ರು, ನಮ್ ಚಿಕ್ಕಮ್ಮನಿಗೆ ದಿನಾ ದರ್ಶನ.

ಈ ರೋಡ್ ಫೈಟರ್ ಮೊದ್ಲು ಹುಟ್ಟಿದ್ದು ಮನೆ ಟಿವಿಗಲ್ಲ. 1984ರಾಗೆ, ಕಾಸು ಹಾಕಿ ಆಡೋ ಆಳೆತ್ತರದ ಪೆಟ್ಟಿಗೆಗೆ ಮಾಡಿದ್ದು. ಅಂಥ ಪೆಟ್ಟಿಗೆಗೆ ಆರ್ಕೇಡ್ ಅಂತಾರೆ. ಕಾರಿನ ಆರ್ಕೇಡ್ ಪೈಕಿ ದೊಡ್ಡ ಹೆಸ್ರು ಅಂದ್ರೆ 1982ರ ಪೋಲ್ ಪೊಸಿಷನ್, ನ್ಯಾಮ್ಕೋ ಕಂಪ್ನೀದು. ಸ್ಟಿಯರಿಂಗು, ಗೇರು, ಕಾಲಾಗೆ ಒತ್ತೋ ಪೆಡಲು, ಜಪಾನಿನ ಫ್ಯೂಜಿ ರೇಸ್ ಟ್ರ್ಯಾಕು. ಮೊದ್ಲು ಒಂದು ಸುತ್ತು ಪರೀಕ್ಷೆ, ಅದ್ರಾಗೆ ಪಾಸಾಗ್ಲಿಲ್ಲ ಅಂದ್ರೆ ಅಲ್ಲಿಗೇ ಆಟ ಮುಗೀತು, ಕಾಸು ಹೋತು. ಈ ಪೆಟ್ಟಿಗೆಗಳ ಲೆಕ್ಕಾಚಾರ ಅದೇ. ಕಾಸು ಬಿದ್ದ ಸ್ವಲ್ಪ ಹೊತ್ತಿಗೆ ಎಬ್ಬಿಸ್ಬೇಕು, ಇನ್ನೊಬ್ರು ಕೂರ್ಬೇಕು. ನಮ್ಮವ್ವ ಇದನ್ನ ದುಡ್ಡು ನುಂಗೋ ಪೆಟ್ಟಿಗೆ ಅಂತಿದ್ಲು. ಅವಳ ಮಾತಿನಾಗೆ ಒಂದಕ್ಷರ ತಪ್ಪಿಲ್ಲ.

ಆದ್ರೆ ಯಾರೂ ಕಾಸು ಹಾಕ್ದೇ ಇದ್ದಾಗ ಪೆಟ್ಟಿಗೆ ಸುಮ್ನೆ ಕೂರ್ತಿರ್ಲಿಲ್ಲ. ತಾನೇ ಆಟ ಸುರು ಮಾಡಿ, ತಾನೇ ಕಾರು ಓಡ್ಸಿ ತೋರ್ಸೋದು. ದಾರೀಲಿ ಹೋಗೋರನ್ನ ಕರೆಯಾಕೆ. ಅಟ್ರಾಕ್ಟ್ ಮೋಡ್ ಅಂತ ಅದ್ರ ಹೆಸ್ರು, ನಮ್ ಬಾಯಾಗೆ ಡೆಮೋ. ಸಂತೇಲಿ ಬಳೆಯೋಳು ತನ್ ಕೈಗೇ ಬಳೆ ಹಾಕ್ಕಂಡು ಆಡ್ಸಿ ತೋರ್ಸಲ್ವಾ, ಅಂಗೆ. ಬೆಂಗಳೂರಿಗೆ ನೆಂಟ್ರ ಮನೆಗೆ ಹೋದಾಗ ನಾನು ನೋಡಿದ್ದು ಇದನ್ನೇ. ಕಾಸಿಲ್ದ ಮಕ್ಳು ಸೀಟಿನಾಗೆ ಕೂತು ಸ್ಟಿಯರಿಂಗ್ ತಿರುಗ್ಸೋವು, ಪರದೆ ಮ್ಯಾಲೆ ಕಾರು ತಿರುಗೋದು, ನಾನೇ ಓಡಿಸ್ತಿದೀನಿ ಅಂತ ಅವಕ್ಕೆ ಖುಷಿ. ಬಡವ್ರ ಮಕ್ಳಿಗೆ, ಹೆಣ್ಣುಡುಗ್ರಿಗೆ ಈ ಆಟದಾಗೆ ಪುಕ್ಸಟ್ಟೆ ಸಿಕ್ಕ ಪಾಲು ಅಂದ್ರೆ ಅದೊಂದೇ.

ಅದು ಎಂಗೆ ಓಡ್ತಿತ್ತು? ಸಿನಿಮಾ ತರ ಚಿತ್ರ ತುಂಬಿಡಾಕೆ ಆಗಿನ ಚಿಪ್ಪಿನಾಗೆ ಜಾಗ ಇರ್ಲಿಲ್ಲ. ಅದ್ಕೇ ಕೆಲವು ಆಟದಾಗೆ, ಮಾಡ್ದೋರು ಒಂದ್ಸಲ ಆಡಿ, ಯಾವ ಗಳಿಗೆಗೆ ಎತ್ಲಾಗೆ ತಿರುಗಿಸಿದ್ರು, ಯಾವಾಗ ಪೆಡಲ್ ಒತ್ತಿದ್ರು ಅನ್ನೋದನ್ನಷ್ಟೇ ಬರ್ದಿಡ್ತಿದ್ರು. ರಂಗೋಲಿ ಪುಸ್ತಕದಾಗೆ ಪುಡಿ ಇರಲ್ಲ, ಹದಿನೈದು ಚುಕ್ಕಿ ಎಂಟರವರೆಗೆ ಅಂತ ಲೆಕ್ಕ ಇರ್ತದಲ್ಲ, ಅಂಗೆ. ಪೆಟ್ಟಿಗೆ ಆ ಲೆಕ್ಕ ಓದ್ಕಂಡು ಪ್ರತಿ ಸಲ ಹೊಸದಾಗಿ ಬಿಡಿಸೋದು. ಇನ್ನು ಕೆಲವು ಆಟದಾಗೆ ಎದುರಾಳಿ ಕಾರು ಓಡ್ಸೋ ಬುದ್ಧೀನೇ ನಮ್ ಕಾರಿಗೂ ಹಚ್ಚಿ ಬಿಡೋರು.

ರಂಗೋಲಿ ಅಂದೆನಲ್ಲ, ನಿಜವಾಗ್ಲೂ ಚುಕ್ಕಿ ರಂಗೋಲಿನೇ ಪೆಟ್ಟಿಗೆ ಒಳಗಿತ್ತು. ಕಾಸಿನ ಬಾಗ್ಲು ಬೀಗ ತೆಗ್ದು ಒಳಗಿನ ಸ್ವಿಚ್ ಒತ್ತಿದ್ರೆ ಆಟ ಮಾಯ. ಚಿಪ್ ಸರಿ ಐತಾ, ಸ್ಟಿಯರಿಂಗ್ ನೆಟ್ಟಗೆ ಐತಾ, ಎಷ್ಟು ಕಾಸು ಬಿದ್ದೈತೆ ಅನ್ನೋ ಲೆಕ್ಕ ಬರೋದು, ಆಮ್ಯಾಕೆ ಕಪ್ಪು ಪರದೆ ತುಂಬಾ ಬಿಳೀ ಗೆರೆ, ಚೌಕ ಚೌಕ. ಪಿಕ್ಚರ್ ಟ್ಯೂಬ್ ಸೊಟ್ಟ ಆಗೈತಾ ನೋಡಾಕೆ ರಿಪೇರಿಯೋನಿಗೆ ಮಾತ್ರ ಕಾಣ್ತಿದ್ದ ಪುಟ ಅದು.

1986ರ ಔಟ್ ರನ್ ಬಗ್ಗೆ ಒಂದ್ಮಾತು ಹೇಳ್ಲೇಬೇಕು. ಸೇಗಾ ಕಂಪ್ನಿಯ ಯು ಸುಜುಕಿ ಅನ್ನೋರು ಮಾಡಿದ್ದು, ಸೀಟೇ ಅಲ್ಲಾಡೋದು, ಹೊರಡೋ ಮುಂಚೆ ರೇಡಿಯೋದಾಗೆ ಹಾಡು ಆರಿಸ್ಕಬಹುದು. ಕೆಂಪು ಕಾರಿನಾಗೆ ಗಂಡ್ಸಿನ ಪಕ್ಕ ಕೂದಲು ಹಾರಿಸ್ಕಂಡು ಒಬ್ಬ ಹೆಂಗ್ಸು. ಅವಳಿಗೆ ಒಂದ್ಸಲಾನೂ ಸ್ಟಿಯರಿಂಗ್ ಸಿಗಲ್ಲ ನೋಡ್ರಿ! ಅಲ್ಲಿ ಮರ ಓಡ್ತಿರ್ಲಿಲ್ಲ. ಒಂದೇ ಚಪ್ಪಟೆ ಚಿತ್ರ, ದೂರದಾಗೆ ಚಿಕ್ಕದು ಬರ್ದು, ಹತ್ರ ಬರ್ತಾ ಬರ್ತಾ ದೊಡ್ಡದು ಮಾಡೋದು, ಅಷ್ಟೇ. ಸಿರಾ ರಸ್ತೆ ಹುಣಸೇಮರ ಬಸ್ಸಿನಿಂದ ಎಂಗೆ ಬೆಳ್ಕಂಡು ಬರ್ತವೋ ಅಂಗೆ.

ಇಷ್ಟೊತ್ತು ಹೇಳಿದ್ದು ಆಟದೊಳಗಿನ ಡೆಮೋ. ಇಡೀ ಆಟಾನೇ ಡೆಮೋ ಆಗಿದ್ದೂ ಉಂಟು. 1992ರಾಗೆ ಸೇಗಾದೋರು ಮಾಡೆಲ್ 1 ಅನ್ನೋ ಹೊಸ ಬೋರ್ಡು ಮಾಡಿದ್ರು. ಚಪ್ಪಟೆ ಚಿತ್ರ ಬಿಟ್ಟು, ದಸರಾ ಗೊಂಬೆಗೆ ಪೇಪರ್ ಮಡಿಸಿ ಅಂಟಿಸ್ದಂಗೆ ಮೂಲೆ ಮೂಲೆ ಜೋಡಿಸಿ ಕಾರು ಕಟ್ಟೋ ಬೋರ್ಡು ಅದು. ಅದ್ರ ಶಕ್ತಿ ಪರೀಕ್ಷೆ ಮಾಡಾಕೆ ಅಂತ ಒಂದು ಕಾರಿನ ಓಟ ಬರ್ದ್ರು. ಮಾರೋಕಲ್ಲ. ನೋಡ್ತಾ ನೋಡ್ತಾ ಅದೇ ಚೆಂದ ಆಗ್ಬಿಡ್ತು, ವರ್ಚುವಾ ರೇಸಿಂಗ್ ಅಂತ ಮಾರಿದ್ರು. ಒಲೆ ಕಾದೈತಾ ನೋಡಾಕೆ ಹುಯ್ದ ಮೊದಲ ದೋಸೇನೇ ಗರಿಗರಿ ಆದಂಗೆ. ಅದಾದ ಮ್ಯಾಲೆ ಡೇಟೋನಾ ಯುಎಸ್‌ಎ. ಅದ್ರ ಬೋರ್ಡಿಗೆ, ಮೂಲೆಗಳ ಮ್ಯಾಲೆ ಬಣ್ಣದ ಚಿತ್ರ ಹೊದಿಸೋ ವಿದ್ಯೆ ಬಂದಿದ್ದು ಅಮೆರಿಕದಾಗೆ ಮಿಲಿಟರಿಯೋರ ತರಬೇತಿ ಯಂತ್ರ ಮಾಡ್ತಿದ್ದ ಜಿಇ ಏರೋಸ್ಪೇಸ್ ಕಡೆಯಿಂದ.

ಬಚ್ಚಿಡೋ ಚಟ ಮಾತ್ರ ಹೋಗ್ಲಿಲ್ಲ. 1994ರಾಗೆ ರಿಡ್ಜ್ ರೇಸರ್ ಪ್ಲೇಸ್ಟೇಷನ್‌ಗೆ ಬಂದಾಗ, ಸಿಡಿಯಿಂದ ಆಟ ಇಳಿಯೋ ತನಕ ಕಾಯಬೇಕಲ್ಲ, ಆ ಹೊತ್ತಿಗೆ ನ್ಯಾಮ್ಕೋದೋರು ತಮ್ಮ ಹಳೇ ಗ್ಯಾಲಾಕ್ಸಿಯನ್ ಆಟ ಇಟ್ಟಿದ್ರು. ಅದ್ರಾಗೆ ಎಲ್ಲಾ ಶತ್ರುಗಳನ್ನ ಹೊಡ್ದ್ರೆ ಹೊಸ ಕಾರುಗಳು ಸಿಗೋವು. ಅಕ್ಕಿ ಬೇಯೋ ತನಕ ಹೂ ಕಟ್ಟೋ ಬುದ್ಧಿ.

ಈಗ ನೋಡ್ರಿ, ಇಂಥ ಆಟದ ಕೆಲಸ ನಮ್ಮ ರಾಜ್ಯದಾಗೇ ನಡೀತೈತೆ. 1997ರಾಗೆ ಬೆಂಗಳೂರಿನಾಗೆ ರಾಜೇಶ್ ರಾವ್ ಅವ್ರು ಸುರು ಮಾಡ್ದ ಧ್ರುವ ಇಂಟರಾಕ್ಟಿವ್, ಮೈಕ್ರೋಸಾಫ್ಟಿನ ಫೋರ್ಜಾ ಅನ್ನೋ ಕಾರಿನ ಆಟಗಳಿಗೆ ಚಿತ್ರದ ಕೆಲಸ ಮಾಡಿಕೊಟ್ಟೈತೆ. 2019ರಾಗೆ ಅದನ್ನ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ತಗಂಡ್ತು. ಕರೆಂಟ್ ಕಥೇನೂ ಬದಲಾತು. ಆವಾಗ ಲೋಡ್ ಶೆಡ್ಡಿಂಗಿಗೆ ಆಟ ಅರ್ಧಕ್ಕೆ ನಿಂತು ಪಾವಗಡದ ಹುಡುಗ್ರು ಅಂಗಡಿಯೋನ ಜೊತೆ ಜಗಳ ಆಡೋರು. ಈಗ ಅದೇ ಪಾವಗಡದ ತಿರುಮಣಿಯಾಗೆ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಐತೆ.

ನಿಮ್ಮನೆ ಅಟ್ಟದ ಮ್ಯಾಲೆ ಆ ಹಳದಿ ಕ್ಯಾಸೆಟ್ ಇದ್ರೆ ಎಸೀಬ್ಯಾಡ್ರಿ. ಓಡ್ಲಿಲ್ಲ ಅಂತ ಹುಡುಗ್ರು ಉಫ್ ಉಫ್ ಅಂತ ಊದೋರಲ್ಲ, ಅಂಗೆ ಮಾತ್ರ ಮಾಡ್ಬ್ಯಾಡ್ರಿ. ಬಾಯಿ ತೇವಕ್ಕೆ ಒಳಗಿನ ಹಿತ್ತಾಳೆ ಬಣ್ಣದ ಪಟ್ಟಿ ಹಾಳಾಗ್ತವೆ. ಕಿವಿಗೆ ಹಾಕೋ ಹತ್ತಿ ಕಡ್ಡಿಗೆ ಚೂರು ಸ್ಪಿರಿಟ್ ಹಚ್ಚಿ ಪಟ್ಟಿ ಒರೆಸಿ, ಚೆನ್ನಾಗಿ ಒಣಗಿದ ಮ್ಯಾಲೆ ಹಾಕಿ ನೋಡ್ರಿ.