ವಾರ್ನಿಷ್ ಹೋಯಿತು, ಅಭ್ಯಾಸ ಉಳಿಯಿತು

ಕಾರನ್ನು ಎಷ್ಟು ದಿನಕ್ಕೊಮ್ಮೆ ತೊಳೆಸಬೇಕು? ದಿನವೂ ಒರೆಸಬೇಕು ಎನ್ನುವವರುಂಟು, ಆಯುಧಪೂಜೆಗೊಮ್ಮೆ ಸಾಕು ಎನ್ನುವವರೂ ಉಂಟು. ಈ ಪ್ರಶ್ನೆ ಕಾರಿಗಿಂತಲೂ ಹಳೆಯದು. ಅದಕ್ಕೆ ಸಿಕ್ಕ ಉತ್ತರ ವಾಹನದ ಬಣ್ಣದ ಜತೆಗೇ ಬದಲಾಗುತ್ತ ಬಂದಿದೆ.

ಯುರೋಪ್, ಅಮೆರಿಕಗಳಲ್ಲಿ ಕುದುರೆ ಸಾರೋಟುಗಳಿದ್ದ ಕಾಲದಲ್ಲಿ ಬಣ್ಣದ ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಅದರ ಮೇಲೆ ಕೆಸರು ಒಣಗಿದರೆ ಕಲೆ ಉಳಿಯುತ್ತಿತ್ತು. ಲಾಯದ ಗೊಬ್ಬರದಿಂದ ಏಳುವ ಅಮೋನಿಯಕ್ಕೂ ವಾರ್ನಿಷ್ ಮಂಕಾಗುತ್ತಿತ್ತು. ಆದ್ದರಿಂದ ಹೊರಗೆ ಹೋಗಿ ಬಂದ ಸಾರೋಟನ್ನು ಆಗಲೇ ತೊಳೆದಿಡುವುದು ಆಳುಗಳ ನಿತ್ಯದ ಕೆಲಸವಾಗಿತ್ತು.

ಮೊದಲ ಕಾರುಗಳ ಮೈಗೂ ಇದೇ ಬಗೆಯ ವಾರ್ನಿಷ್ ಇತ್ತು. ಹೀಗಾಗಿ ತೊಳೆಯುವ ಪದ್ಧತಿಯೂ ಅವುಗಳ ಜತೆಗೆ ಬಂತು. 1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ‘ಆಟೊಮೊಬೈಲ್ ಲಾಂಡ್ರಿ’ ಆರಂಭವಾದಾಗ ಮನೆಯಾಳಿನ ಕೆಲಸ ಅಂಗಡಿಯ ವ್ಯವಹಾರವಾಯಿತು. ಅಲ್ಲಿ ಕಾರುಗಳನ್ನು ಕೈಯಿಂದಲೇ ಮುಂದಕ್ಕೆ ತಳ್ಳುತ್ತ ತೊಳೆಯುತ್ತಿದ್ದರು.

1920ರ ದಶಕದಲ್ಲಿ ಡುಪಾಂಟ್ ಕಂಪನಿಯ ‘ಡ್ಯೂಕೊ’ ಬಣ್ಣ ಬಂತು. ಜನರಲ್ ಮೋಟಾರ್ಸ್‌ನ ಓಕ್ಲೆಂಡ್ ಕಾರಿನ 1924ರ ಮಾದರಿಗೆ ಅದನ್ನು ಬಳಿಯಲಾಯಿತು. ವಾರಗಟ್ಟಲೆ ಒಣಗಿಸುವ ಕೆಲಸ ತಪ್ಪಿತು. ಆದರೆ ಈ ಬಗೆಯ ಬಣ್ಣ ಬಿಸಿಲಿಗೆ ಮಂಕಾಗುತ್ತಿತ್ತು. ಅದನ್ನು ಆಗಾಗ ಉಜ್ಜಿ ಮೇಣ ಹಚ್ಚಬೇಕಿತ್ತು. ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಯಿಂದ ಸಿಗುವ ಕಾರ್ನೌಬ ಮೇಣಕ್ಕೆ ಕಾರಿನ ಮಾಲೀಕರಲ್ಲಿ ಬೇಡಿಕೆ ಬಂತು.

1980ರ ದಶಕದಿಂದ ಬಣ್ಣದ ಮೇಲೆ ಪಾರದರ್ಶಕ ‘ಕ್ಲಿಯರ್ ಕೋಟ್’ ಬಳಿಯುವುದು ವ್ಯಾಪಕವಾಯಿತು. ಇದು ಬಿಸಿಲು, ಮಳೆ ಎರಡನ್ನೂ ತಡೆಯುತ್ತದೆ. ಆದರೆ ಇದರ ದಪ್ಪ ಒಂದು ತಲೆಗೂದಲಿಗಿಂತ ಕಡಿಮೆ. ಯಂತ್ರದಿಂದ ಪಾಲಿಶ್ ಮಾಡಿದಾಗಲೆಲ್ಲ ಈ ಪದರ ತುಸು ಸವೆಯುತ್ತದೆ. ಹಳೆಯ ಬಣ್ಣವನ್ನು ಕಾಪಾಡುತ್ತಿದ್ದ ಉಜ್ಜುವಿಕೆಯೇ ಈಗ ಅತಿಯಾದರೆ ಹಾನಿ ಮಾಡುತ್ತದೆ. ಒಣ ಧೂಳಿನ ಮೇಲೆ ಬಟ್ಟೆ ಎಳೆಯುವುದೂ ಅಷ್ಟೇ. ಮಣ್ಣಿನ ಕಣಗಳು ಮರಳು ಕಾಗದದಂತೆ ಗೀರು ಬೀಳಿಸುತ್ತವೆ.

ಹಾಗಾದರೆ ಇಂದಿನ ಲೆಕ್ಕವೇನು? ಸಾಮಾನ್ಯ ಬಳಕೆಯ ಕಾರಿಗೆ ಎರಡು ವಾರಕ್ಕೊಮ್ಮೆ ತೊಳೆತ, ಮೂರು–ನಾಲ್ಕು ತಿಂಗಳಿಗೊಮ್ಮೆ ಮೇಣ ಸಾಕು. ಒಳಗೂ ಹೊರಗೂ ಪೂರ್ತಿ ಶುಚಿಗೊಳಿಸುವ ಡಿಟೇಲಿಂಗ್ ವರ್ಷಕ್ಕೆ ಒಂದೆರಡು ಬಾರಿ ಸಾಕು. ಆಗಲೂ ಗೀರುಗಳು ಕಂಡರಷ್ಟೇ ಯಂತ್ರದ ಪಾಲಿಶ್ ಮಾಡಿಸಿದರಾಯಿತು. ಕಡಲ ತೀರದಲ್ಲಿ, ಮರದ ನೆರಳಲ್ಲಿ ನಿಲ್ಲುವ ಕಾರಿಗೆ ಈ ಅವಧಿ ಕಡಿಮೆಯಾಗಬೇಕು. ಹಕ್ಕಿಯ ಹಿಕ್ಕೆ ಬಿದ್ದರೆ ಮಾತ್ರ ಅಂದೇ ತೆಗೆಯಬೇಕು.

ಬೆಂಗಳೂರಿಗರ ಪಾಲಿಗೆ ಇದು ನೀರಿನ ಪ್ರಶ್ನೆಯೂ ಹೌದು. ನೀರಿನ ತೀವ್ರ ಅಭಾವ ಕಂಡ 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಕೆಲವೇ ದಿನಗಳಲ್ಲಿ ಹಲವರು ದಂಡ ತೆತ್ತರು. ದಿನವೂ ತೊಳೆಯಲೇಬೇಕೆಂದು ಕೇಳುತ್ತಿದ್ದ ವಾರ್ನಿಷ್ ಕಾರುಗಳಿಂದ ಮಾಯವಾಗಿ ದಶಕಗಳೇ ಕಳೆದಿವೆ. ಆದರೂ ಬೆಳಗಾಗುತ್ತಲೇ ಎಷ್ಟೋ ಮನೆಗಳ ಮುಂದೆ ಪೈಪು ಬಿಚ್ಚಿಕೊಳ್ಳುತ್ತದೆ.